ಬರ್ತೀವಿ ಅಂದವರ ಲೆಕ್ಕ

ಮದುವೆ ಮಾಡುವ ಮನೆಯವರ ನಿದ್ದೆ ಕೆಡಿಸುವ ಪ್ರಶ್ನೆ ಒಂದಿದೆ. ಲಗ್ನಕ್ಕೆ ಎರಡು ದಿನ ಮುಂಚೆ ಅಡುಗೆಯವರು ಬಂದು ಬಾಗಿಲಲ್ಲಿ ನಿಂತು, "ಎಲೆ ಎಷ್ಟಮ್ಮಾ?" ಎಂದು ಕೇಳುತ್ತಾರೆ. ಆಗ ನಾವು ಪಟ್ಟಿ ಹಿಡಿದು ಕೂರುತ್ತೇವೆ. ಇವರ ಮನೆಯಿಂದ ನಾಲ್ಕು, ಅವರ ಮನೆಯಿಂದ ಆರು, ಆಫೀಸಿನವರು ಇಪ್ಪತ್ತು. ಎಲ್ಲರೂ 'ಬರ್ತೀವಿ' ಅಂದವರೇ. ಅರಿಶಿನ ಕುಂಕುಮ ಕೊಟ್ಟು ಕರೆದವರ ಮುಖ ನೋಡಿಕೊಂಡು 'ಆಗೋದಿಲ್ಲ' ಅನ್ನುವ ಧೈರ್ಯ ನಮ್ಮಲ್ಲಿ ಯಾರಿಗಿದೆ ಹೇಳಿ? ಅನುಭವಸ್ಥ ಅಡುಗೆಯವರಿಗೆ ಇದೆಲ್ಲ ಗೊತ್ತು. ನಾವು ಸಾವಿರ ಅಂದರೆ ಅವರು ಮನಸ್ಸಿನಲ್ಲೇ ಏಳುನೂರಕ್ಕೆ ಅಕ್ಕಿ ಅಳೆಯುತ್ತಾರೆ.

ಈ ಎಲೆಯ ಲೆಕ್ಕ ನನಗೆ ಅಮೆರಿಕದ ಒಂದು ಚುನಾವಣಾ ಸಭೆಯ ನೆಪದಲ್ಲಿ ನೆನಪಾಯಿತು ಅಂದರೆ ನೀವು ನಗಬಹುದು. ಆದರೆ ನಡೆದದ್ದು ಹಾಗೆಯೇ.

2020ರ ಜೂನ್ 21, ಭಾನುವಾರ. ಅಂದು ಸೂರ್ಯಗ್ರಹಣ. ಗ್ರಹಣ ಬಿಟ್ಟ ಮೇಲೆ ಸ್ನಾನ, ಅಡುಗೆ, ಊಟ ಎಲ್ಲ ಮುಗಿಯುವ ಹೊತ್ತಿಗೆ ಸಂಜೆಯಾಗಿತ್ತು. ಕೊರೋನಾದಿಂದ ಶಾಲೆಗಳು ಮುಚ್ಚಿದ್ದರೂ 25ರಿಂದ ಎಸ್ಸೆಸ್ಸೆಲ್ಸಿ ಪರೀಕ್ಷೆ ಶುರುವಾಗುವುದಿತ್ತು. ಮಾಸ್ಕ್ ಹಾಕಿಕೊಂಡು ಮಕ್ಕಳನ್ನು ದೂರ ದೂರ ಕೂರಿಸುವ ಚಿಂತೆಯಲ್ಲಿ ನಾನಿದ್ದೆ. ಆಗ ನ್ಯೂಜೆರ್ಸಿಯಿಂದ ತಂಗಿಯ ಮಗಳ ವಿಡಿಯೋ ಕಾಲ್ ಬಂತು. ಆಗ ಅವಳಿಗೆ ಹದಿನಾರು. ಮುಖದ ತುಂಬ ಕಳ್ಳನಗು.

"ದೊಡ್ಡಮ್ಮಾ, ಒಂದು ವಿಷಯ ಹೇಳ್ತೀನಿ. ಅಮ್ಮಂಗೆ ಹೇಳಬಾರದು. ನಿನ್ನೆ ಟ್ರಂಪ್ ಸಭೆಗೆ ಎರಡು ಟಿಕೆಟ್ ಬುಕ್ ಮಾಡಿದ್ದೆ. ಹೋಗೋದಿಲ್ಲ ಅಂತಾನೇ ಮಾಡಿದ್ದು!"

ನಾನು ಅರ್ಥವಾಗದೆ ನೋಡಿದೆ. ಅವಳು ಪತ್ರಿಕೆಯ ಚಿತ್ರವೊಂದನ್ನು ತೋರಿಸಿದಳು. ದೊಡ್ಡ ಸಭಾಂಗಣ, ಕೆಳಗೆ ಒಂದಷ್ಟು ಜನ, ಮೇಲಿನ ಅಂತಸ್ತಿನಲ್ಲಿ ಸಾಲು ಸಾಲು ಖಾಲಿ ನೀಲಿ ಕುರ್ಚಿಗಳು. "ನಾವೇ ಖಾಲಿ ಮಾಡಿಸಿದ್ದು" ಎಂದಳು. ನನಗೂ ನಗು ಬಂತು. ಇಬ್ಬರೂ ಚೆನ್ನಾಗಿ ನಕ್ಕೆವು. ನಗು ಮುಗಿದ ಮೇಲೆ ಫೋನಿಟ್ಟು ಪಾತ್ರೆ ತೊಳೆಯುತ್ತಿದ್ದಾಗ, ಯಾಕೋ ಏನೋ, ಮನಸ್ಸಿಗೆ ಕಸಿವಿಸಿಯಾಯಿತು.

ನಡೆದದ್ದೇನೆಂದು ಆಮೇಲೆ ಸಮಾಧಾನವಾಗಿ ಓದಿ ತಿಳಿದುಕೊಂಡೆ. ಅಮೆರಿಕದ ಓಕ್ಲಹೋಮಾ ರಾಜ್ಯದ ಟಲ್ಸಾ ಎಂಬ ಊರು. ಆಗ ಅಧ್ಯಕ್ಷರಾಗಿದ್ದ ಡೊನಾಲ್ಡ್ ಟ್ರಂಪ್ ಕೊರೋನಾ ಬಂದ ಮೇಲೆ ಮೊದಲ ಬಾರಿಗೆ ಅಲ್ಲಿ ಚುನಾವಣಾ ಸಭೆ ಇಟ್ಟುಕೊಂಡರು. ಮೊದಲು ಗೊತ್ತು ಮಾಡಿದ ದಿನ ಜೂನ್ 19. ಅದು ಕಪ್ಪು ಜನರಿಗೆ ಹಬ್ಬದಂಥ ದಿನ. 1865ರಲ್ಲಿ ಟೆಕ್ಸಾಸಿನ ಗುಲಾಮರಿಗೆ ಬಿಡುಗಡೆಯ ಸುದ್ದಿ ಮುಟ್ಟಿದ್ದು ಅಂದೇ. ಅದೂ ಅಲ್ಲದೆ ಟಲ್ಸಾ ಎಂದರೆ ಅವರ ಪಾಲಿಗೆ ಸುಟ್ಟ ಗಾಯ. 1921ರಲ್ಲಿ ಆ ಊರಿನ ಗ್ರೀನ್‌ವುಡ್ ಎಂಬ ಕಪ್ಪು ಜನರ ಬಡಾವಣೆಗೆ ಬಿಳಿಯರ ಗುಂಪು ನುಗ್ಗಿ, ಕೊಂದು, ಸುಮಾರು 35 ಬ್ಲಾಕುಗಳಷ್ಟು ಮನೆ ಅಂಗಡಿಗಳನ್ನು ಸುಟ್ಟುಹಾಕಿತ್ತು. ಆ ಊರಿನಲ್ಲಿ, ಆ ದಿನವೇ, ಸಭೆಯೇ ಎಂದು ಜನ ಕೆರಳಿದರು. ಸಭೆಯನ್ನು ಒಂದು ದಿನ ಮುಂದಕ್ಕೆ ಹಾಕಿ 20ಕ್ಕೆ ಇಟ್ಟರು.

ಟಿಕೆಟ್ಟಿಗೆ ದುಡ್ಡಿಲ್ಲ. ಇಂಟರ್‌ನೆಟ್ಟಿನಲ್ಲಿ ಹೆಸರು, ಫೋನ್ ನಂಬರು ಕೊಟ್ಟರೆ ಒಂದು ನಂಬರಿಗೆ ಎರಡು ಟಿಕೆಟ್. ಅಯೋವಾ ರಾಜ್ಯದ ಒಬ್ಬ ಅಜ್ಜಿ ಟಿಕ್‌ಟಾಕಿನಲ್ಲಿ, ಎಲ್ಲರೂ ಟಿಕೆಟ್ ತೆಗೆದುಕೊಳ್ಳಿ, ಯಾರೂ ಹೋಗಬೇಡಿ, ಕುರ್ಚಿಗಳು ಖಾಲಿ ಇರಲಿ ಎಂಬಂಥ ಮಾತು ಹೇಳಿದರು. ಆ ಟಿಕ್‌ಟಾಕ್ ಆಗಿನ್ನೂ ನಮ್ಮಲ್ಲೂ ಇತ್ತು. ಅದೇ ತಿಂಗಳ 29ರಂದು ನಮ್ಮ ಸರ್ಕಾರ ಅದನ್ನು ನಿಷೇಧಿಸಿತು. ಅಜ್ಜಿಯ ಮಾತು ಹುಡುಗರ ಬಾಯಿಗೆ ಬಿತ್ತು. ಕೊರಿಯಾದ ಪಾಪ್ ಹಾಡುಗಳ ಅಭಿಮಾನಿಗಳೂ ಸೇರಿಕೊಂಡರು. ಸುಳ್ಳು ಹೆಸರು, ಆ ಕ್ಷಣಕ್ಕೆಂದೇ ಮಾಡಿಕೊಂಡ ನಂಬರು. ದೊಡ್ಡವರ ಕಣ್ಣಿಗೆ ಬೀಳಬಾರದೆಂದು ಎಷ್ಟೋ ಮಕ್ಕಳು ತಾವು ಹಾಕಿದ್ದ ವಿಡಿಯೋವನ್ನು ಒಂದೆರಡು ದಿನದಲ್ಲೇ ಅಳಿಸಿಬಿಟ್ಟರಂತೆ.

ಇತ್ತ ಟ್ರಂಪ್ ಪ್ರಚಾರದ ಮುಖ್ಯಸ್ಥ ಬ್ರಾಡ್ ಪಾರ್ಸ್ಕೇಲ್, ಹತ್ತು ಲಕ್ಷಕ್ಕೂ ಹೆಚ್ಚು ಟಿಕೆಟ್ ಕೋರಿಕೆ ಬಂದಿದೆ ಎಂದು ಸಾರಿದರು. ಸಭಾಂಗಣದಲ್ಲಿ ಹಿಡಿಸುವುದು ಸುಮಾರು 19,000. ಒಳಗೆ ಜಾಗ ಸಿಗದವರಿಗಾಗಿ ಹೊರಗೊಂದು ವೇದಿಕೆ ಕಟ್ಟಿಸಿದರು. ಕೊನೆಗೆ ಬಂದವರೆಷ್ಟು? ಬಾಗಿಲಲ್ಲಿ ಸ್ಕ್ಯಾನ್ ಆದ ಟಿಕೆಟ್ಟುಗಳನ್ನು ಲೆಕ್ಕ ಹಾಕಿ ಟಲ್ಸಾದ ಅಗ್ನಿಶಾಮಕ ದಳ ಹೇಳಿದ್ದು 6,200ಕ್ಕೂ ತುಸು ಕಡಿಮೆ. ಹೊರಗಿನ ವೇದಿಕೆಯ ಭಾಷಣ ರದ್ದಾಯಿತು. ನಮ್ಮಲ್ಲಿ ಮನಸ್ಸಿಲ್ಲದವರನ್ನೂ ಬಸ್ಸು ಲಾರಿಗಳಲ್ಲಿ ಕರೆತಂದು ಮೈದಾನ ತುಂಬಿಸುತ್ತಾರೆ. ಅಲ್ಲಿ ಬರುತ್ತೇವೆ ಎಂದು ಬರೆದುಕೊಟ್ಟವರೇ ಬರಲಿಲ್ಲ.

ಹಾಗಾದರೆ ಆ ಕುರ್ಚಿಗಳನ್ನು ಖಾಲಿ ಮಾಡಿಸಿದ್ದು ನನ್ನ ತಂಗಿಯ ಮಗಳು ಮತ್ತವಳ ಗೆಳತಿಯರೇ? ಲೆಕ್ಕದ ಟೀಚರ್ ನಾನಲ್ಲ, ಸಮಾಜ ಪಾಠ ಮತ್ತು ಕನ್ನಡ ನನ್ನ ವಿಷಯ. ಆದರೂ ಇದು ಅಷ್ಟು ಕಷ್ಟದ ಲೆಕ್ಕವಲ್ಲ. ಆ ಟಿಕೆಟ್ಟಿಗೆ ಸೀಟು ನಂಬರಿರಲಿಲ್ಲ. ಮೊದಲು ಬಂದವರಿಗೆ ಮೊದಲು ಜಾಗ. ನಮ್ಮ ರೈಲಿನಲ್ಲಿ ಯಾರೋ ಬರ್ತ್ ಕಾದಿರಿಸಿ ಹತ್ತದೇ ಹೋದರೆ, ಕೊನೆಗಳಿಗೆಯವರೆಗೂ ಇನ್ನೊಬ್ಬರ ಹೆಸರು ವೇಟಿಂಗ್ ಲಿಸ್ಟಿನಲ್ಲಿ ಕೊಳೆಯುತ್ತದೆ. ಇಲ್ಲಿ ಹಾಗಿಲ್ಲ. ಹತ್ತು ಲಕ್ಷ ಸುಳ್ಳು ಹೆಸರು ಬರೆಸಿದ್ದರೂ ನಿಜವಾಗಿ ಬಾಗಿಲಿಗೆ ಬಂದವನನ್ನು ಯಾರೂ ತಡೆಯುತ್ತಿರಲಿಲ್ಲ.

ಬರದವರಿಗೆ ಬೇರೆ ಕಾರಣಗಳು ಬೇಕಾದಷ್ಟಿದ್ದವು. ಓಕ್ಲಹೋಮಾದಲ್ಲಿ ಕೊರೋನಾ ಏರುತ್ತಿತ್ತು. ಸಭೆಯ ಸಿದ್ಧತೆಗೆ ಹೋದವರಲ್ಲೇ ಆರು ಮಂದಿಗೆ ಸೋಂಕು ಎಂದು ಅದೇ ದಿನ ಸುದ್ದಿಯಾಯಿತು. ಸೋಂಕು ತಗುಲಿದರೆ ನಮ್ಮನ್ನು ಹೊಣೆ ಮಾಡಬೇಡಿ ಎಂಬ ಷರತ್ತಿಗೆ ಒಪ್ಪಿದರೆ ಮಾತ್ರ ಟಿಕೆಟ್. ಅಂಥ ಷರತ್ತು ಓದಿದ ಮೇಲೆ ನಮ್ಮ ಮನೆಯ ಹಿರಿಯರನ್ನು ನಾವು ಕಳಿಸುತ್ತಿದ್ದೆವೆ? ಆ ರಾತ್ರಿ ಫಾಕ್ಸ್ ನ್ಯೂಸ್ ವಾಹಿನಿಯಲ್ಲಿ ಸುಮಾರು 77 ಲಕ್ಷ ಜನ ಆ ಭಾಷಣವನ್ನು ನೋಡಿದರು. ಕೇಳಬೇಕೆನ್ನಿಸಿದವರು ಮನೆಯಲ್ಲೇ ಕೂತು ಕೇಳಿದರು. ಐದು ತಿಂಗಳ ನಂತರ ದೇಶದಲ್ಲಿ ಟ್ರಂಪ್ ಸೋತರೂ ಓಕ್ಲಹೋಮಾದ 77 ಕೌಂಟಿಗಳಲ್ಲೂ ಅವರೇ ಮುಂದಿದ್ದರು. ಕುರ್ಚಿ ಖಾಲಿಯಾದರೆ ಓಟಿನ ಪೆಟ್ಟಿಗೆ ಖಾಲಿ ಎಂದು ಅರ್ಥವಲ್ಲ.

ಮುಂದಿನ ಭಾನುವಾರ ಇದನ್ನೆಲ್ಲ ಅವಳಿಗೆ ಹೇಳಿದೆ. "ನೀನು ಕುರ್ಚಿ ಖಾಲಿ ಮಾಡಿಸಲಿಲ್ಲ ಕಣೆ. ಅವರ ಲೆಕ್ಕ ಕೆಡಿಸಿದೆ ಅಷ್ಟೆ."

"ಅದೇ ಬೇಕಾಗಿತ್ತು ದೊಡ್ಡಮ್ಮಾ. ಜಂಬ ಕೊಚ್ಚಿಕೊಂಡ್ರಲ್ಲ, ಮುಖಭಂಗ ಆಯ್ತು."

"ಆದರೂ ಬರ್ತೀನಿ ಅಂತ ಹೇಳಿ ಹೋಗದೆ ಇರೋದು ಸುಳ್ಳಲ್ಲವಾ?"

ಅವಳು ಸುಮ್ಮನಾಗುವವಳಲ್ಲ. "ಯಾರು ಕರೆದ್ರು ನನ್ನ? ಅವರಿಗೆ ನಾನು ಬರೋದು ಬೇಕಿರಲಿಲ್ಲ, ನನ್ನ ಫೋನ್ ನಂಬರ್ ಬೇಕಿತ್ತು. ನಂಬರ್ ಸಿಕ್ಕಿದ್ರೆ ದಿನಾ ಮೆಸೇಜ್ ಕಳಿಸಿ ದುಡ್ಡು ಕೇಳ್ತಾರೆ. ಹತ್ತೊಂಬತ್ತು ಸಾವಿರ ಸೀಟಿಗೆ ಹತ್ತು ಲಕ್ಷ ಟಿಕೆಟ್ ಕೊಟ್ಟವರು ಮೊದಲು ಸುಳ್ಳು ಹೇಳಿದ್ದಾ, ನಾನಾ?"

ನಾನು ನಿರುತ್ತರಳಾದೆ. ಅವಳ ಮಾತಿನಲ್ಲಿ ನಿಜವಿತ್ತು. ಅಷ್ಟು ಹೆಸರುಗಳನ್ನು ಕಲೆಹಾಕಿದ್ದೇ ದೊಡ್ಡ ಗಳಿಕೆ ಎಂದು ಪಾರ್ಸ್ಕೇಲ್ ತಾವೇ ಹೆಮ್ಮೆಯಿಂದ ಹೇಳಿಕೊಂಡಿದ್ದರು. ಸಭೆಯ ನಂತರ ಅವರು, ಸುಳ್ಳು ನಂಬರುಗಳನ್ನು ನಾವು ಆಗಾಗ ಬೇರ್ಪಡಿಸಿ ತೆಗೆಯುತ್ತೇವೆ, ಇಲ್ಲೂ ಹತ್ತಾರು ಸಾವಿರ ತೆಗೆದಿದ್ದೆವು ಎಂದರು. ಹಾಗೆ ಜರಡಿ ಹಿಡಿದ ಮೇಲೂ ಹತ್ತು ಲಕ್ಷವನ್ನೇ ನಂಬಿದ್ದರೆ ತಪ್ಪು ಯಾರದು? ನಮ್ಮ ಅಡುಗೆಯವರಿಗಿರುವ ವಿವೇಕ ಅಲ್ಲಿರಲಿಲ್ಲ. ದೊಡ್ಡ ಸಂಖ್ಯೆ ಕೇಳಲು ಹಿತವಾಗಿರುತ್ತದೆ. ಹಿತವಾದ ಸುಳ್ಳನ್ನು ಯಾರೂ ಎರಡನೇ ಸಲ ಎಣಿಸಿ ನೋಡುವುದಿಲ್ಲ.

ಆದರೂ ನನ್ನ ಕಸಿವಿಸಿ ಹೋಗಲಿಲ್ಲ. ಅದಕ್ಕೆ ಕಾರಣ ಒಬ್ಬ ಹುಡುಗ.

ವರ್ಷಗಳ ಹಿಂದೆ ಗೋವಿನ ಹಾಡನ್ನು ಪಾಠ ಮಾಡುತ್ತಿದ್ದೆ. ಪುಣ್ಯಕೋಟಿ ಹುಲಿಗೆ ಮಾತು ಕೊಟ್ಟು, ಕರುವಿಗೆ ಹಾಲೂಡಿಸಿ, ಹೇಳಿದಂತೆ ಹುಲಿಯ ಮುಂದೆ ಬಂದು ನಿಲ್ಲುವ ಭಾಗ. ಯಾವಾಗಲೂ ನನ್ನ ಗಂಟಲು ಕಟ್ಟುವುದು ಅಲ್ಲೇ. ಹಿಂದಿನ ಬೆಂಚಿನ ಹುಡುಗ ಎದ್ದು ನಿಂತು ಕೇಳಿದ: "ಮಿಸ್, ಹುಲಿ ಕೆಟ್ಟದ್ದು ಅಲ್ವಾ? ಕೆಟ್ಟೋರಿಗೆ ಸುಳ್ಳು ಹೇಳಿದ್ರೆ ಏನು ತಪ್ಪು? ಹಸು ಬರ್ತೀನಿ ಅಂದು ಮನೇಲೇ ಇದ್ದಿದ್ರೆ ಕರು ತಬ್ಬಲಿ ಆಗೋ ಭಯಾನೇ ಇರ್ತಿರಲಿಲ್ಲ." ತರಗತಿಯೆಲ್ಲ ನಕ್ಕಿತು. ಸತ್ಯವೇ ದೇವರು, ಕೊಟ್ಟ ಮಾತಿಗೆ ತಪ್ಪಬಾರದು ಎಂದು ಗೈಡಿನ ಉತ್ತರವನ್ನು ಒಪ್ಪಿಸಿ ಅವನನ್ನು ಕೂರಿಸಿದೆ. ಅವನಿಗೆ ಸಮಾಧಾನವಾಗಿರಲಿಲ್ಲ. ನನಗೂ ಆಗಿರಲಿಲ್ಲ.

ತಂಗಿಯ ಮಗಳಿಗೂ ಆ ಹಾಡು ಗೊತ್ತು, ಅವಳಮ್ಮ ಹಾಡಿ ಮಲಗಿಸುತ್ತಿದ್ದದ್ದು. ಪುಣ್ಯಕೋಟಿಯ ಮಾತೆತ್ತಿದರೆ ಅವಳೂ ಅದೇ ಪ್ರಶ್ನೆ ಕೇಳುತ್ತಾಳೆಂದು ನನಗೆ ಗೊತ್ತಿತ್ತು. ಎತ್ತಲಿಲ್ಲ. ಉತ್ತರವನ್ನು ನಾನೇ ಹುಡುಕಬೇಕಿತ್ತು.

ಹುಡುಕುವಾಗ ಟಲ್ಸಾದ ಇನ್ನೊಂದು ಸಂಗತಿ ಕಣ್ಣಿಗೆ ಬಿತ್ತು. ಊರಿಗೆ ಲಕ್ಷಕ್ಕೂ ಮೀರಿ ಜನ ನುಗ್ಗುತ್ತಾರೆ, ಗಲಭೆಯೂ ಆಗಬಹುದು ಎಂಬ ಆತಂಕದಲ್ಲಿ ಅಲ್ಲಿನ ಮೇಯರ್ ಸಭಾಂಗಣದ ಸುತ್ತಮುತ್ತ ಕರ್ಫ್ಯೂ ಘೋಷಿಸಿದ್ದರು. ಮರುದಿನ ಅದನ್ನು ಹಿಂತೆಗೆದುಕೊಂಡರು. ಅಂದರೆ ಆ ದೊಡ್ಡ ಸಂಖ್ಯೆ ಟ್ರಂಪ್ ಅವರ ಕಿವಿಗೆ ಮಾತ್ರ ಬೀಳಲಿಲ್ಲ. ಆ ಊರಿನ ಮುದುಕಿ, ಆಸ್ಪತ್ರೆಯ ನರ್ಸು, ಸಭಾಂಗಣದ ಪಕ್ಕ ಅಂಗಡಿ ಇಟ್ಟವನು, ಪೊಲೀಸಿನವನ ಹೆಂಡತಿ, ಎಲ್ಲರ ಕಿವಿಗೂ ಬಿದ್ದಿತು. ಕೊರೋನಾ ಕಾಲದಲ್ಲಿ ಲಕ್ಷ ಜನ ಬರುತ್ತಾರೆ ಎಂದು ಕೇಳಿದ ತಾಯಂದಿರು ಆ ವಾರ ಹೇಗೆ ನಿದ್ದೆ ಮಾಡಿದರೋ. ಆ ನೂಕುನುಗ್ಗಲು ಯಾರಿಗೆ ಬೇಕು ಎಂದು ಬರಬೇಕಾಗಿದ್ದವರೇ ಒಂದಷ್ಟು ಜನ ಮನೆಯಲ್ಲಿ ಉಳಿದಿದ್ದರೂ ಉಳಿದಿರಬಹುದು. ಅಷ್ಟರ ಮಟ್ಟಿಗೆ ಸುಳ್ಳು ಟಿಕೆಟ್ಟು ಹಾಜರಿಯನ್ನು ಕೆಡಿಸಿರಲೂಬಹುದು. ಅದನ್ನು ಅಳೆಯುವ ತಕ್ಕಡಿ ಯಾರ ಬಳಿಯೂ ಇಲ್ಲ.

ಹಿಂದಿನ ಬೆಂಚಿನ ಹುಡುಗನಿಗೆ ಹೇಳಬೇಕಾಗಿದ್ದ ಉತ್ತರ ನನಗೆ ಸಿಕ್ಕಿದ್ದು ಆಗ. ಹುಲಿಗೆ ಹೇಳಿದ ಸುಳ್ಳು ಹುಲಿಯ ಕಿವಿಗೆ ಮಾತ್ರ ಬೀಳುವುದಿಲ್ಲ ಮಗೂ. ಕಾಡಿನಲ್ಲಿ ಬೇರೆ ಹಸುಗಳೂ ಇವೆ. ಪುಣ್ಯಕೋಟಿ ಮೋಸ ಮಾಡಿದ್ದರೆ, ನಾಳೆ ಇನ್ನೊಂದು ಹಸು "ಕರುವಿಗೆ ಹಾಲು ಕೊಟ್ಟು ಬರುತ್ತೇನೆ" ಎಂದು ಬೇಡಿದಾಗ ಯಾವ ಹುಲಿ ಬಿಟ್ಟುಕೊಡುತ್ತದೆ? 'ಬರ್ತೀನಿ' ಎಂಬ ಮಾತು ಒಬ್ಬರ ಸ್ವತ್ತಲ್ಲ, ಊರ ಬಾವಿಯ ನೀರಿದ್ದಂತೆ. ವೈರಿಯ ಮೇಲಿನ ಸಿಟ್ಟಿಗೆ ಅದನ್ನು ಕಲಕಿದರೂ ಕುಡಿಯಬೇಕಾದವರು ನಾವೆಲ್ಲರೂ.

ಇಷ್ಟು ಬರೆದು ನಿಲ್ಲಿಸಿದರೆ ನಾನು ದೊಡ್ಡ ಸತ್ಯವಂತೆ ಎಂದು ನೀವು ತಿಳಿದೀರಿ. ನಿಜ ಹೇಳಿಬಿಡುತ್ತೇನೆ.

2009ರಲ್ಲಿ ನಮ್ಮ ಶಾಲೆಯ ಆಯಾ ಊರಾಚೆ ಒಂದು ಶೀಟಿನ ಮನೆ ಕಟ್ಟಿಕೊಂಡಳು. ಗಂಡ ತೀರಿಕೊಂಡಿದ್ದ. ಹತ್ತು ವರ್ಷ ಚೀಟಿ ಹಾಕಿ ಕೂಡಿಟ್ಟ ದುಡ್ಡು. ತಟ್ಟೆಯಲ್ಲಿ ಅರಿಶಿನ ಕುಂಕುಮ ಇಟ್ಟುಕೊಂಡು ಸ್ಟಾಫ್‌ರೂಮಿಗೆ ಬಂದು ಒಬ್ಬೊಬ್ಬರನ್ನೂ ಕರೆದಳು. "ಭಾನುವಾರ ಮಿಸ್, ಎಲ್ಲರೂ ಬರಲೇಬೇಕು." ನಾವು ಹನ್ನೆರಡು ಜನ ಟೀಚರುಗಳಿದ್ದೆವು. ಹನ್ನೆರಡು ಜನವೂ "ಅಯ್ಯೋ, ಬರದೆ ಇರ್ತೀವಾ? ಖಂಡಿತ ಬರ್ತೀವಿ" ಎಂದೆವು.

ಭಾನುವಾರ ಮಳೆ ಹನಿಯುತ್ತಿತ್ತು. ವಾರದ ಬಟ್ಟೆಯೆಲ್ಲ ಒಗೆಯಲು ಬಿದ್ದಿತ್ತು. ಹನ್ನೊಂದು ಜನ ಹೋಗಿರುತ್ತಾರಲ್ಲ, ನಾನೊಬ್ಬಳು ಹೋಗದಿದ್ದರೇನು ಎಂದುಕೊಂಡೆ. ಹನ್ನೊಂದು ಜನವೂ ಹಾಗೆಯೇ ಅಂದುಕೊಂಡಿದ್ದರು. ಯಾರೂ ಹೋಗಲಿಲ್ಲ.

ಸೋಮವಾರ ಅವಳು ಸ್ಟೀಲ್ ಕ್ಯಾರಿಯರಿನಲ್ಲಿ ಒಬ್ಬಟ್ಟು ತಂದು ಸ್ಟಾಫ್‌ರೂಮಿನ ಮೇಜಿನ ಮೇಲಿಟ್ಟಳು. ಒಂದು ಆಡಿಕೊಳ್ಳಲಿಲ್ಲ. ನಾನೇ ತಡೆಯಲಾರದೆ, "ಹೇಗಾಯ್ತೇ, ಜನ ಬಂದಿದ್ರಾ?" ಎಂದೆ. "ಬಂದಿದ್ರು ಮಿಸ್, ನಮ್ಮೋರೆಲ್ಲ ಬಂದಿದ್ರು. ನೀವು ನೆಲದ ಮೇಲೆ ಕೂರೋರಲ್ಲ ಅಂತ ಶಾಮಿಯಾನದೋರ ಹತ್ರ ಹನ್ನೆರಡು ಕುರ್ಚಿ ಬಾಡಿಗೆ ತಂದಿದ್ದೆ. ಅದರ ಮೇಲೆ ಯಾರನ್ನೂ ಕೂರಿಸಲಿಲ್ಲ, ನೀವು ಲೇಟಾಗಿ ಬಂದ್ರೆ ಬೇಕಾಗ್ತವೆ ಅಂತ" ಎಂದಳು.

ಆ ಒಬ್ಬಟ್ಟು ನನ್ನ ಗಂಟಲಲ್ಲಿ ಇಳಿಯಲಿಲ್ಲ.

ಟಲ್ಸಾದ ಖಾಲಿ ಕುರ್ಚಿಗಳ ಚಿತ್ರ ನೋಡಿ ನಕ್ಕ ಮೇಲೆ ನನಗೆ ಕಸಿವಿಸಿಯಾದದ್ದು ಯಾಕೆಂದು ಈಗ ನಿಮಗೂ ಗೊತ್ತಾಗಿರಬೇಕು. ನನ್ನ ಕಣ್ಣಿಗೆ ಕಂಡದ್ದು ಆ ಹನ್ನೆರಡು ಕುರ್ಚಿಗಳು.

ಯಾವ ಸುಳ್ಳು ದೊಡ್ಡದು? ತಂಗಿಯ ಮಗಳು ಬಲಶಾಲಿಯೊಬ್ಬನಿಗೆ ಬೇಕೆಂದೇ ಸುಳ್ಳು ಹೇಳಿದಳು. ಓಟಿಲ್ಲದ ವಯಸ್ಸಿನಲ್ಲಿ ತನ್ನ ಪ್ರತಿಭಟನೆ ಅದು ಎಂದು ನಂಬಿದ್ದಳು. ಯಾರ ಸೀಟನ್ನೂ ಕಿತ್ತುಕೊಳ್ಳಲಿಲ್ಲ. ನಾನು ಏನೂ ಇಲ್ಲದ ಹೆಂಗಸೊಬ್ಬಳಿಗೆ, ಸುಳ್ಳು ಹೇಳುತ್ತಿದ್ದೇನೆ ಎಂಬ ಅರಿವೂ ಇಲ್ಲದೆ ಹೇಳಿದೆ. ಅವಳಿಗೆ ಕೊನೇಪಕ್ಷ ತನ್ನ ಮಾತು ಸುಳ್ಳೆಂದು ಗೊತ್ತಿತ್ತು. ನ್ಯಾಯಸ್ಥಾನದಲ್ಲಿ ಕೂರಲು ನನಗೆ ಅರ್ಹತೆಯಿಲ್ಲ. ಆದರೆ ಇಷ್ಟು ಮಾತ್ರ ಹೇಳಬಲ್ಲೆ. ಇಂಥ ಸುಳ್ಳಿಗೆ ಮರುಳಾಗುವವರು ಎರಡು ಬಗೆ. ಜಂಬದಿಂದ ಎಣಿಸುವವರು ಒಬ್ಬರು, ಪ್ರೀತಿಯಿಂದ ಎಣಿಸುವವರು ಇನ್ನೊಬ್ಬರು. ಫೋನಿನಲ್ಲಿ ಬಟನ್ ಒತ್ತುವಾಗ ಆ ಕಡೆ ಯಾರು ಎಣಿಸುತ್ತಿದ್ದಾರೆ ಎಂಬುದು ಕಾಣುವುದಿಲ್ಲ.

ಆ ವರ್ಷವೇ ಈ ಕುರ್ಚಿಗಳ ಕಥೆಯನ್ನು ಅವಳಿಗೆ ಹೇಳಿದೆ. ಬುದ್ಧಿ ಹೇಳುವಂತೆ ಹೇಳಲಿಲ್ಲ, ನನ್ನ ತಪ್ಪೊಪ್ಪಿಗೆಯಂತೆ ಹೇಳಿದೆ. ಅವಳು ತುಂಬ ಹೊತ್ತು ಸುಮ್ಮನಿದ್ದು, "ಇದು ಬೇರೆ, ಅದು ಬೇರೆ ದೊಡ್ಡಮ್ಮಾ" ಎಂದಳು. ನಾನು ವಾದಿಸಲಿಲ್ಲ.

2024ರಲ್ಲಿ ಅವಳು ಮೊದಲ ಬಾರಿ ಅಧ್ಯಕ್ಷರ ಚುನಾವಣೆಗೆ ಓಟು ಹಾಕಿದಳು. ಪ್ರಚಾರಕ್ಕೂ ಓಡಾಡಿದಳು. ಅಕ್ಟೋಬರಿನ ಒಂದು ಬೆಳಿಗ್ಗೆ ಅವಳಿಂದ ಮೆಸೇಜು ಬಂತು: "ಮನೆಮನೆಗೆ ಹೋಗೋಕೆ ಇಪ್ಪತ್ತು ಜನ ಬರ್ತೀವಿ ಅಂತ ಫಾರಂ ತುಂಬಿದ್ರು. ನಾಲ್ಕು ಜನ ಬಂದಿದ್ದೀವಿ. ಹದಿನಾರು ಕಾಫಿ ತಣ್ಣಗಾಗ್ತಾ ಇದೆ. ನಿನ್ನ ಆಯಾ ನೆನಪಾದಳು." ಕೆಳಗೊಂದು ಅಳುಮುಖದ ಚಿತ್ರ. ನಾನು ನಗಲಿಲ್ಲ. "ಬಂದ ನಾಲ್ಕು ಜನರಿಗೆ ಎರಡೆರಡು ಕಾಫಿ ಕೊಡು" ಎಂದು ಬರೆದೆ.

ಇತ್ತೀಚೆಗೆ ನಾನೊಂದು ಅಭ್ಯಾಸ ಮಾಡಿಕೊಂಡಿದ್ದೇನೆ. ಯಾರಾದರೂ ಕರೆಯಲು ಬಂದರೆ ಕ್ಯಾಲೆಂಡರ್ ನೋಡಿ ಉತ್ತರ ಹೇಳುತ್ತೇನೆ. ಮೊನ್ನೆ ಪಕ್ಕದ ಬೀದಿಯವರು ಮಗನ ಮುಂಜಿಗೆ ಕರೆದಾಗ, "ಅವತ್ತು ಆಗೋದಿಲ್ಲ ಕಣ್ರೀ. ನನ್ನ ಎಲೆ ಲೆಕ್ಕದಿಂದ ತೆಗೆದುಬಿಡಿ, ಮರುದಿನ ಬಂದು ವಟುವನ್ನ ನೋಡ್ತೀನಿ" ಎಂದೆ. ಆಕೆಯ ಮುಖ ಚಿಕ್ಕದಾಯಿತು. ಎಂಥ ಜಂಭದ ಹೆಂಗಸು ಎಂದುಕೊಂಡಿರಬೇಕು. ಮನಸ್ಸಿಗೆ ಬೇಸರವಾದರೂ ತಡೆದುಕೊಂಡೆ. ಮರುದಿನ ಹೇಳಿದ ಹೊತ್ತಿಗೆ ಸರಿಯಾಗಿ ಹೋಗಿ ಬಾಗಿಲು ತಟ್ಟಿದೆ.